ಎರಡನೆಯ ಬಟಾಣಿ

ಮೆತ್ತಗೆ, ಇಷ್ಟೇ ಸಾಕು, ತಂತಿಯ ಮೇಲೆ ಹರವಿದ ಜಮಖಾನೆಗೆ ಬೆತ್ತದಿಂದ ಒಂದೇ ಪೆಟ್ಟು ಕೊಟ್ಟ ಹಾಗೆ, ಆಹ್ತಿ ಅಂಗಡಿಯಿಂದ ತಂದು ಹೊಡೆಯುವ ಕೋವಿತೋಟಾದ ಹಾಗೆ ಕಿವಿ ಗುಂಯ್‌ಗುಟ್ಟುವುದಿಲ್ಲ, ಬೆಂಚು ಅದುರುವುದಿಲ್ಲ, ಒಂದು ಟಪ್, ಅಷ್ಟರಲ್ಲಿ ಜಲ್ಲಿಗುಂಡಿಯಾಚೆ ಸ್ಪ್ರೂಸ್ ಮರಗಳ ಕಪ್ಪಿನೆದುರು ಯಂತ್ರ ಎಸೆದು ಹಾರುತ್ತಿದ್ದ ಕಿತ್ತಳೆ ಬಣ್ಣದ ಗುರಿಬಿಲ್ಲೆ ಇಲ್ಲವಾಗಿದೆ, ಅದು ಇದ್ದಲ್ಲಿ ಒಂದು ಹಿಡಿ ಧೂಳು ತೇಲುತ್ತಿದೆ, ಗಾಳಿ ಅದನ್ನು ಆತುರವಿಲ್ಲದೆ ಹೊಳೆಯ ಕಡೆಗೆ ಒಯ್ಯುತ್ತಿದೆ. ಹಿಲ್ಲೆವಿ ಅಂಕದ ಹಾಳೆಯ ಮೇಲೆ ಗೆರೆ ಎಳೆದಳು. ಒಂಬತ್ತು ಬಿಲ್ಲೆ, ಏಳು ಗೆರೆ, ಎರಡು ಸೊನ್ನೆ, ಎರಡು ವರ್ಷ ಕೋವಿ ಮುಟ್ಟದ ಹೆಂಗಸಿಗೆ ಏಳು, ಹೆಗಲಲ್ಲಿ ಮೂಳೆಯ ಬದಲು ಲೋಹದ ಕೀಲು ಕೂರಿಸಿಕೊಂಡ ಅರವತ್ತೇಳರ ಹೆಂಗಸಿಗೆ ಏಳು, ಗೆರೆ ತಾನಾಗಿಯೇ ತುಸು ಉದ್ದವಾಯಿತು. ಅಕ್ಕ ಔನೆ ಜೋಡುನಳಿಗೆಯ ಕೋವಿಯನ್ನು ನಡುವಿಗೆ ಮಡಚಿ, ಖಾಲಿ ತೋಟಾ ತೆಗೆದು ಜೇಬಿಗೆ ಹಾಕಿ, ಬಲಕ್ಕೆ ಮುಂದಿನ ಕಾಂಕ್ರೀಟು ಚೌಕಕ್ಕೆ ಸರಿದಳು, ತಂಡದಲ್ಲಿ ಐವರು, ಒಬ್ಬೊಬ್ಬರೂ ಒಂದೊಂದೇ ಹೊಡೆದು ಒಂದೊಂದು ಚೌಕ ಸರಿಯುತ್ತಾರೆ, ಅವಳ ನಂತರ ಪಶುವೈದ್ಯೆ, ನಂತರ ಲಾರಿ ಓಡಿಸುವ ಎಸಾ, ಅಂಚೆಯ ಹೆಂಗಸು, ಕೊನೆಗೆ ಕೋವಿ ಸಂಘದ ಯಜಮಾನ ಆಹ್ತಿ, ಮತ್ತೆ ಔನೆ. ಕೋವಿ ಏರುತ್ತದೆ, ಕೆನ್ನೆ ಮರಕ್ಕೆ ತಾಗುತ್ತದೆ, ಎಡಗೈ ನಳಿಗೆಯ ಕೆಳಗೆ ಬರುತ್ತದೆ, ಉಳಿದ ಬೆರಳುಗಳು ಮರವನ್ನು ಅಪ್ಪಿ ಹಿಡಿದರೆ ತೋರುಬೆರಳೊಂದು ಮಾತ್ರ ನಳಿಗೆಯುದ್ದಕ್ಕೆ ನೆಟ್ಟಗೆ ಮುಂದಕ್ಕೆ ಚಾಚಿಕೊಳ್ಳುತ್ತದೆ, ಹಾಗೆ ಹಿಡಿಯುವವಳು ಈ ಹೊಳೆಯ ಎರಡೂ ದಡದಲ್ಲಿ ಇವಳೊಬ್ಬಳೇ, ಕೋವಿಗೆ ದಾರಿ ಗೊತ್ತಿಲ್ಲ, ತೋರಿಸ್ಬೇಕು ಅಂದಿದ್ದಳು ಇಪ್ಪತ್ತೈದರ ಔನೆ, ಜಿಲ್ಲೆಯ ಬೆಳ್ಳಿ ಬಟ್ಟಲನ್ನು ಸೈಕಲ್ಲಿನ ಹಿಡಿಗೆ ನೇತುಹಾಕಿಕೊಂಡು ಮನೆಗೆ ಬಂದ ದಿನ, ಹಿಂದೆ ಓಡಿಕೊಂಡು ಬಂದ ತಂಗಿಯ ಕೈಯಲ್ಲಿ ಕಾಫಿ ಫ್ಲಾಸ್ಕು. ಆವತ್ತಿಂದ ಇವತ್ತಿನವರೆಗೆ ಫ್ಲಾಸ್ಕೇ. ಆದರೆ ಇವತ್ತು ಫ್ಲಾಸ್ಕಿನ ಜೊತೆ ಇನ್ನೊಂದು ಬಂದಿದೆ.

ಎಡಕಿವಿಯ ಮೇಲೆ ಸದ್ದು ತಡೆಯುವ ಮುಚ್ಚಳ ಇದೆ, ಬಲಕಿವಿಯದನ್ನು ಬೆಳಿಗ್ಗೆಯಿಂದ ನೆತ್ತಿಗೆ ಸರಿಸಿಟ್ಟಿದ್ದಾಳೆ, ಯಾಕೆ ಅಂತ ಯಾರಾದರೂ ಕೇಳಿದರೆ ಅಂಕ ಕೂಗೋದು ಕೇಳಬೇಕಲ್ಲ ಎನ್ನಬಹುದು, ನಿಜ ಅದಲ್ಲ, ತನ್ನ ಕೈಯಾರೆ ತುಂಬಿದ ತೋಟಾ ಸಿಡಿಯುವುದನ್ನು ಒಂದೂ ಬಿಡದೆ ಕೇಳಬೇಕು, ಅಷ್ಟೇ, ಅದಕ್ಕೆ ಜಂಬ ಅನ್ನುವುದಾದರೆ ಅನ್ನಲಿ, ಈ ಸೀಮೆಯಲ್ಲಿ ಜಂಬ ಇಲ್ಲದವರ ಮನೆಗೆ ಯಾರೂ ಕಾಫಿಗೆ ಹೋಗುವುದಿಲ್ಲ. ಇಪ್ಪತ್ತೆಂಟು ವರ್ಷ ಡೈರಿಯ ಪ್ರಯೋಗಾಲಯದಲ್ಲಿ ಹಾಲಿನ ಕೊಬ್ಬು ಅಳೆದವಳು, ಎರಡನೆಯ ದಶಾಂಶದಲ್ಲಿ ತಪ್ಪಿದರೆ ಆ ದಿನ ಊಟ ರುಚಿಸುತ್ತಿರಲಿಲ್ಲ. ಮಾರ್ಚಿನಲ್ಲಿ ಔನೆ ಬಂದು ಅಡುಗೆಮನೆಯ ಬೆಂಚಿನ ಮೇಲೆ ಕೋಟೂ ಬಿಚ್ಚದೆ ಕೂತಿದ್ದಳು, ಎರಡು ಚಳಿಗಾಲದ ಹಿಂದೆ ಕೊಟ್ಟಿಗೆಯ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಹೆಗಲು ಪುಡಿಯಾದ ಮೇಲೆ ಕೋವಿಯ ಮಾತು ಎತ್ತಿದವಳಲ್ಲ, ಡಾಕ್ಟರು ಹೂಂ ಅಂದ್ರು ಕಣೇ, ಆದ್ರೆ ಹೆಗಲಿಗೆ ಕೋವಿ ಒದೆತ ಜೋರಾಗಿರಬಾರ್ದಂತೆ, ಅಂಗಡೀಲಿ ಸಿಗೋ ಹಗುರ ತೋಟಾನೂ ನಂಗೆ ಭಾರವೇ, ಈ ವಸಂತದಲ್ಲಿ ಆಗ್ಲಿಲ್ಲ ಅಂದ್ರೆ ಕೋವಿ ಮಾರಿಬಿಡ್ತೀನಿ, ಗೋಡೆಗೆ ನೇತುಹಾಕಿ ನೋಡ್ಕೊಂಡು ಕೂರೋದು ನನ್ನ ಕೈಲಾಗಲ್ಲ. ಆಮೇಲೆ ಕಿಟಕಿಯ ಕಡೆ ನೋಡುತ್ತ, ನೀನು ಅಳೀತೀಯಲ್ಲ, ನಿಂಗೆ ತುಂಬೋಕೆ ಆಗುತ್ತಾ. ಅರವತ್ತೊಂದು ವರ್ಷದಲ್ಲಿ ಔನೆ ತಂಗಿಯನ್ನು ಕೇಳಿದ ಮೊದಲನೆಯದು ಅದು. ಆಗುತ್ತೆ, ಎಂದಳು ಹಿಲ್ಲೆವಿ, ಕಾಫಿ ಬಗ್ಗಿಸುವುದನ್ನು ನಿಲ್ಲಿಸದೆ.

ಹೆಪ್, ಬಿಲ್ಲೆ ಬಿಡಿ ಎಂಬ ಔನೆಯ ಕೂಗು, ಬಿಲ್ಲೆ ಎಡಕ್ಕೆ ಓರೆಯಾಗಿ ಹೊರಟಿತು, ಟಪ್, ಎರಡು ತುಂಡು. ತುಂಡಾದರೂ ಗೆರೆಯೇ. ಹಿಂದಿನಿಂದ ಎಸಾ, ಮುದುಕಿಗೆ ಏನು ತಿನ್ನಿಸಿದ್ದೀಯ ಹಿಲ್ಲೆವಿ, ಎಂದ, ಬಟಾಣಿ ಅಂದ ಆಹ್ತಿ, ಇವಳಿಗಿಂತ ಮೊದಲು ಅವನೇ ಉತ್ತರ ಕೊಡುತ್ತಾನೆ ಯಾವಾಗಲೂ, ಬಟಾಣಿ ಕಣಪ್ಪಾ, ನಾವೆಲ್ಲ ಗುರುವಾರ ಸೂಪು ಮಾಡಿ ಕುಡೀತೀವಿ, ಈ ಮನೆಯೋರು ಭಾನುವಾರದವರೆಗೆ ಕಾದು ಹಾರಿಸ್ತಾರೆ. ನಗಲಿ. ಹಗುರ ತೋಟಾದ ಕಷ್ಟ ಅವನಿಗೇನು ಗೊತ್ತು, ಇಪ್ಪತ್ತೆಂಟು ಗ್ರಾಂ ಸೀಸದ ಚರೆ ಹಿಡಿಸುವ ಕೊಳವೆಗೆ ಹದಿನೆಂಟೇ ಗ್ರಾಂ ಹಾಕಿದರೆ ಒಳಗೆ ಜಾಗ ಉಳಿಯುತ್ತದೆ, ಕೊಳವೆಯ ಬಾಯಿಯನ್ನು ಆರು ಮಡಿಕೆ ಮಾಡಿ ಮೆಷಿನ್ನಿನಲ್ಲಿ ಒತ್ತಿದಾಗ ಮಡಿಕೆಗಳು ಒಳಕ್ಕೆ ಕುಸಿಯುತ್ತವೆ, ಹಲ್ಲು ಉದುರಿದ ಬಾಯಿಯ ಹಾಗೆ, ಆದ್ದರಿಂದ ಮದ್ದಿನ ಮೇಲೆ ಪ್ಲಾಸ್ಟಿಕ್ಕಿನ ಚಿಕ್ಕ ಬಟ್ಟಲು, ಬಟ್ಟಲಿನ ತಳದಲ್ಲಿ ಒಂದು ಒಣ ಬಟಾಣಿ, ಅದರ ಮೇಲೆ ಚರೆ, ಆಗ ಮಡಿಕೆ ನೆಟ್ಟಗೆ ಕೂರುತ್ತದೆ, ಆರು ಎಸಳಿನ ಚಪ್ಪಟೆ ಹೂವು. ಎಷ್ಟು ವಾರ ಹಿಡಿಯಿತು ಅದಕ್ಕೆ. ಜವೆ ಹಾಕಿ ನೋಡಿದಳು, ರವೆ ಹಾಕಿದಳು, ಬೆಂಡು ಕತ್ತರಿಸಿ ಹಾಕಿದಳು, ಕೊನೆಗೆ ಗುರುವಾರದ ಸೂಪಿಗೆಂದು ನೆನೆಹಾಕಲು ತೆಗೆದ ಬಟಾಣಿ ಕೈಯಿಂದ ಜಾರಿ ಖಾಲಿ ತೋಟಾದೊಳಕ್ಕೆ ಬಿದ್ದಾಗ ಗೊತ್ತಾಯಿತು. ಪಶುವೈದ್ಯೆ ಹೊಡೆದಳು, ಎಸಾ ಹೊಡೆದ, ದೂರದ ಗದ್ದೆಯಲ್ಲಿ ನೆರೆ ಇಳಿದ ಕೆಸರಿನ ಮೇಲೆ ನಿಂತ ಕೊಕ್ಕರೆಗಳ ಹಿಂಡು ಪ್ರತಿ ಸದ್ದಿಗೂ ಒಮ್ಮೆ ತಲೆಯೆತ್ತುತ್ತದೆ, ಔನೆಯ ಸದ್ದಿಗೆ ಮಾತ್ರ ಎತ್ತುವುದಿಲ್ಲ. ನೋಡಿದಿರಾ, ಹಕ್ಕಿಗಳಿಗೂ ಗೊತ್ತಾಗುತ್ತದೆ, ಇದು ಬೇರೆ ಕೈಯ ಕೆಲಸ.

ಹನ್ನೊಂದು, ಗೆರೆ. ಹನ್ನೆರಡು, ಸೊನ್ನೆ, ಅದು ಗಾಳಿಯ ತಪ್ಪು. ಹದಿಮೂರು, ಗೆರೆ, ಧೂಳು, ಎಷ್ಟು ಚೆಂದದ ಧೂಳು. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಔನೆ ಬಂದಳು, ಈ ಸೀಮೆಯ ರೂಢಿಯಂತೆ ಬಿಸಿ ಕಾಫಿಗೆ ಚೀಸಿನ ತುಂಡು ಅದ್ದಿ ಬಾಯಿಗಿಟ್ಟುಕೊಂಡು, ಡಬ್ಬಿಯ ಮುಚ್ಚಳ ತೆಗೆದಳು, ಇಪ್ಪತ್ತೈದು ತೋಟಾ, ಐದೈದರ ಐದು ಸಾಲು, ಎಲ್ಲದರ ಬಾಯಿಯೂ ಮೇಲಕ್ಕೆ, ಮೇಲಿನ ಸಾಲಿನಲ್ಲಿ ಅತಿ ಚೆಂದದವು, ಬೇಕೆಂದೇ. ಔನೆ ಅಗಿಯುವುದನ್ನು ನಿಲ್ಲಿಸಿದಳು. ಒಂದನ್ನು ತೆಗೆದು ಬೆಳಕಿಗೆ ಹಿಡಿದು, ಹೆಬ್ಬೆರಳಿಂದ ಮಡಿಕೆ ಸವರಿ, ಇಂಥ ಬಾಯಿ ಯಾವ ಕಾರ್ಖಾನೆಯದ್ದರಲ್ಲೂ ನೋಡಿಲ್ಲ ಕಣೇ ನಾನು, ಅಂದಳು. ಅಷ್ಟೇ. ಇನ್ನೊಂದು ತುಂಡು ಚೀಸು ಅದ್ದಿದಳು. ಆಗಲೇ ಹೇಳಬೇಕಿತ್ತು. ನಿನ್ನೆ ಒಂದು ಖಾಲಿ ಸಿಕ್ತು ಔನೆ, ಮದ್ದೇ ಇಲ್ಲದ್ದು, ತೆಗೆದುಹಾಕಿದೆ — ಎಷ್ಟು ಪದ ಅದು, ಎಂಟು, ಒಂಬತ್ತು, ಕಾಫಿಯ ಒಂದು ಗುಟುಕಿಗಿಂತ ಚಿಕ್ಕದು, ಆದರೆ ಆ ಹೆಬ್ಬೆರಳು ಮಡಿಕೆಯ ಮೇಲಿರುವಾಗ ಯಾವ ಬಾಯಲ್ಲಿ ಹೇಳುವುದು, ಅರವತ್ತೊಂದು ವರ್ಷ ಕಾದ ಮಾತಿನ ಮೇಲೆ ತಾನೇ ಕೈಯಾರೆ ನೀರು ಸುರಿಯುವುದು ಹೇಗೆ, ಅಲ್ಲದೆ ಸಿಕ್ಕಿತಲ್ಲ, ತೆಗೆದಾಯಿತಲ್ಲ, ಮುಗಿಯಿತಲ್ಲ. ಲೆಕ್ಕ ಸರಿಹೋಗಿತ್ತು. ಶನಿವಾರ ಮಧ್ಯಾಹ್ನ ಎರಡು ಡಬ್ಬಿಗಾಗುವಷ್ಟು, ಐವತ್ತು ಕೊಳವೆ ಮೇಜಿನ ಮೇಲೆ, ಪ್ರತಿಯೊಂದರ ಬುಡದಲ್ಲೂ ಕಿಡಿ ಹಾರಿಸುವ ಹೊಸ ಕೇಪು, ನೀಲಿ ಬೋಗುಣಿಯಲ್ಲಿ ಐವತ್ತಕ್ಕೆ ಸರಿಯಾಗಿ ತೂಗಿಟ್ಟ ಮದ್ದು, ಅದು ಅವಳದೇ ಪದ್ಧತಿ, ಬೇರೆ ಯಾರೂ ಹಾಗೆ ಮಾಡುವುದಿಲ್ಲ, ಬೋಗುಣಿ ಖಾಲಿಯಾದರೆ ಕೆಲಸ ಸರಿ, ಒಂದು ಚೂರು ಉಳಿದರೂ ಎಲ್ಲೋ ತಪ್ಪು. ಪುಟ್ಟ ಅಳತೆ ಚಮಚದಿಂದ ಒಂದೊಂದಕ್ಕೆ ಸುರಿಯುತ್ತ ಬರುವಾಗ ನಡುವೆ ಫೋನು, ಔನೆಯದೇ, ಎಷ್ಟಾಯ್ತೇ, ನಾಳೆ ಬಿಸಿಲು ಬರುತ್ತಂತೆ ನೋಡು, ಫೋನು ಕೆಳಗಿಟ್ಟು ಬಂದು ಮತ್ತೆ ಚಮಚ, ಆಮೇಲೆ ದೀಪ ಹಿಡಿದು ಕೊಳವೆಗಳೊಳಗೆ ಇಣುಕುವುದು, ತಳದಲ್ಲಿ ಬೂದುಬಣ್ಣದ ಮದ್ದಿನ ವೃತ್ತ ಕಂಡರೆ ಸರಿ, ಎಲ್ಲ ಸಾಲಿಗೂ ಇಣುಕಿದಳೇ, ಇಣುಕಿದೆ ಅಂತಲೇ ನೆನಪು.

ಹದಿನಾಲ್ಕು, ಗೆರೆ. ಆಹ್ತಿ ಈ ಸಲ ನಗಲಿಲ್ಲ, ಹಾಳೆಯ ಮೇಲೆ ಬಗ್ಗಿ ನೋಡಿ ಹೋದ. ಹದಿನೈದು, ಗೆರೆ. ಮಡಿಕೆ ಒತ್ತುವಾಗ ಆರು ತೋಟಾದ ಬಾಯಿ ಕುಸಿದವು, ಬಟಾಣಿಯೆಂದ ಮೇಲೆ ದಪ್ಪ ಸಣ್ಣ ಇದ್ದೇ ಇರುತ್ತದೆ, ಸಣ್ಣದು ಸಿಕ್ಕ ಕಡೆ ಕುಸಿಯಿತು ಅಂದುಕೊಂಡಳು, ಬೇರೆಯವರಾದರೆ ಹಾಗೇ ಬಿಡುತ್ತಿದ್ದರು, ಹೊಡೆಯುವುದಕ್ಕೆ ಏನು ಕೊರತೆ ಅದರಿಂದ, ಅವಳಿಗೆ ಸಹಿಸಲಾಗಲಿಲ್ಲ, ಔನೆಯ ಡಬ್ಬಿಯಲ್ಲಿ ಬೊಚ್ಚುಬಾಯಿ ಇರುವುದೇ, ಆರರ ಮಡಿಕೆಯನ್ನೂ ಬಿಡಿಸಿ ಚರೆಯ ಮೇಲೆ ಎರಡನೆಯ ಬಟಾಣಿ ಹಾಕಿ ಮತ್ತೆ ಒತ್ತಿದಳು, ಆರೂ ಹೂವಾದವು, ಉಳಿದ ಎಲ್ಲಕ್ಕಿಂತ ಚೆಂದದ ಹೂವು. ಆಮೇಲೆ ಬೋಗುಣಿ ನೋಡಿದರೆ ತಳದಲ್ಲಿ ಮದ್ದು. ಒಂದು ಚಮಚ, ಮೇಲೊಂದು ಚಿಟಿಕೆ. ಮದ್ದಿಲ್ಲದ ಕೊಳವೆಯಲ್ಲಿ ಒಳಗಿನದೆಲ್ಲ ಅಷ್ಟು ಕೆಳಗೆ ಕೂರುತ್ತದೆ, ಬಾಯಿ ಕುಸಿಯುತ್ತದೆ, ತೋಟಾ ತಾನಾಗಿ ಬಾಯಿಬಿಟ್ಟು ಹೇಳಿದ್ದನ್ನು ಅವಳು ಬಟಾಣಿ ತುರುಕಿ ಮುಚ್ಚಿಸಿದ್ದಳು. ಎರಡು ಸಲ ಒತ್ತಿದ ಗುರುತು ಬಾಯಂಚಿನಲ್ಲಿ ಕೂದಲೆಳೆಯಷ್ಟು ಕಾಣುತ್ತಿತ್ತು, ಆರನ್ನೂ ಆರಿಸಿ ತೆಗೆದು, ಅಪ್ಪನ ಪೂಕ್ಕೊ ಚಾಕು ಹಿಡಿದು ಕೂತಳು, ಬರ್ಚ್ ಹಿಡಿಯ ಚಾಕು, ಮೊದಲನೆಯದರ ಹೊಟ್ಟೆ ಸೀಳಿದರೆ ಮದ್ದು ಇತ್ತು, ಎರಡನೆಯದರಲ್ಲೂ ಇತ್ತು, ಮೂರನೆಯದರಲ್ಲಿ ಬಟ್ಟಲಿನ ಕೆಳಗೆ ಬರೀ ಕೇಪಿನ ತಾಮ್ರದ ಕಣ್ಣು. ಉಶ್ ಅಂದಳು. ಉಳಿದದ್ದು ಒಂದು ಅಳತೆ, ಖಾಲಿ ಒಂದು, ಸರಿಹೋಯಿತು, ಇನ್ನು ಮೂರು ಚೆಂದದ್ದನ್ನು ಯಾಕೆ ಕೆಡಿಸುವುದು, ಸೀಳಿದ ಮೂರರ ಬದಲು ಹೊಸದಾಗಿ ಮೂರು ತುಂಬಿ, ಚೆಂದದ ಮೂರನ್ನು ಮೇಲಿನ ಸಾಲಿಗೆ ಇಟ್ಟಳು. ಹದಿನಾರು, ಗೆರೆ. ಹನ್ನೆರಡಲ್ಲ, ಹದಿಮೂರು ಗೆರೆ ಈಗ, ಹದಿನಾರಕ್ಕೆ ಹದಿಮೂರು, ಆಹ್ತಿಗೇ ಹನ್ನೆರಡು, ಔನೆಯ ಬೆನ್ನು ನೋಡು, ಚರ್ಚಿನ ಗೋಪುರದ ಹಾಗೆ ನಿಂತಿದ್ದಾಳೆ, ಕೋವಿ ಏರುತ್ತಿದೆ, ಎಡಗೈ, ಆ ತೋರುಬೆರಳು ಮುಂದಕ್ಕೆ, ದಾರಿ ತೋರಿಸುತ್ತ.

ಹೆಪ್. ಅದೇ ಹೊತ್ತಿಗೆ ರಸ್ತೆಯ ಮೇಲೆ ಗೊಬ್ಬರದ ಟ್ರಾಕ್ಟರು ಗುಡುಗಿತು, ಕೊಕ್ಕರೆಗಳು ಒಟ್ಟಿಗೆ ಕೂಗಿದವು, ಬಿಲ್ಲೆ ನೇರಕ್ಕೆ ಹೋಯಿತು, ಸುಲಭದ್ದು, ಹೋಗುತ್ತಲೇ ಇದ್ದು ಪಾಚಿಯ ಮೇಲೆ ಇಡಿಯಾಗಿ ಬಿತ್ತು. ಸೊನ್ನೆ. ಪೆನ್ಸಿಲ್ ಹಾಳೆಗೆ ತಾಗಿ ನಿಂತಿತು. ಸದ್ದು ಹೇಗಿತ್ತು. ಟಪ್ ಅಲ್ಲ ಅದು, ಟಪ್‌ನ ಒಳಗಿನ ತಿರುಳು ತೆಗೆದ ಹಾಗೆ, ಪೆಟ್ಟಿಗೆಯ ಮುಚ್ಚಳ ಹಾಕಿದ ಹಾಗೆ, ಅಥವಾ ಟ್ರಾಕ್ಟರಿನಲ್ಲಿ ಹಾಗೆ ಕೇಳಿಸಿತೇ. ಯಾರೂ ತಿರುಗಿ ನೋಡಲಿಲ್ಲ. ಎಲ್ಲರ ಕಿವಿಗೂ ಮುಚ್ಚಳ. ಔನೆ ಕೋವಿ ಮಡಚಿದಳು, ಖಾಲಿ ತೋಟಾ ಜೇಬಿಗೆ, ತುಟಿ ಬಿಗಿದಳು, ತಪ್ಪಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆ, ಬಲಕ್ಕೆ ಸರಿದಳು. ಒದೆತ ಇರದಿದ್ದರೆ ಅವಳಿಗೆ ಗೊತ್ತಾಗದೇ, ಗೊತ್ತಾಗುವುದಿಲ್ಲ, ಮೊನ್ನೆ ಸೌನಾದ ಹಬೆಸ್ನಾನದಲ್ಲಿ ಹೆಗಲು ತೋರಿಸಿ, ಚಿವುಟು ನೋಡೋಣ, ಇನ್ನೂ ಜೋರಾಗಿ, ಚಿವುಟಿದ್ಯಾ, ನಂಗೇನೂ ಗೊತ್ತಾಗ್ಲಿಲ್ಲ ಕಣೇ, ಅಂಗೈಯಷ್ಟು ಜಾಗ ಸತ್ತುಹೋಗಿದೆ ಅಂತ ನಕ್ಕಿದ್ದಳು, ಕೋವಿಯ ಬುಡ ಕೂರುವುದು ಸರಿಯಾಗಿ ಆ ಅಂಗೈಯಷ್ಟು ಜಾಗದಲ್ಲೇ. ಪಶುವೈದ್ಯೆ ಹೆಪ್ ಅಂದಳು, ಢಮ್, ಗೆರೆ, ಯಾಂತ್ರಿಕವಾಗಿ ಎಳೆದಳು. ಮದ್ದಿಲ್ಲದಿದ್ದರೆ ಕೇಪಿನ ಕಿಡಿಯೊಂದೇ ಸೀಸವನ್ನು ಹೇಗೋ ಉಗುಳಿಬಿಡುತ್ತದೆ, ಬಟ್ಟಲು ಮಾತ್ರ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಮುಂದಿನ ತೋಟಾ ಸಿಡಿದರೆ ಬೆಂಕಿಗೆ ಹೋಗಲು ದಾರಿಯಿಲ್ಲ, ಉಕ್ಕು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಪಕ್ಕದ ಜಿಲ್ಲೆಯ ಒಬ್ಬನ ಕೈ ಹಾಗೆ ಹೋದದ್ದನ್ನು ಆಹ್ತಿಯೇ ಹೇಳಿದ್ದ, ಎಡಗೈ, ಯಾವಾಗಲೂ ಎಡಗೈ. ಆದರೆ ಲೆಕ್ಕ ಸರಿಹೋಗಿತ್ತಲ್ಲ. ಖಾಲಿ ಒಂದೇ, ಉಳಿದದ್ದು ಒಂದೇ ಅಳತೆ. ಈಗ ಎದ್ದು ಕೂಗಿದರೆ, ಎಲ್ಲರ ಮುಂದೆ, ನನ್ನ ತೋಟಾ ಮೇಲೆ ನನಗೇ ನಂಬಿಕೆ ಇಲ್ಲ ಅಂದ ಹಾಗೆ, ನಳಿಗೆ ಸ್ವಚ್ಛವಾಗಿದ್ದರೆ ಆಹ್ತಿ ಈ ಬೇಸಿಗೆಯೆಲ್ಲ ಅದನ್ನೇ ಹೇಳಿಕೊಂಡು ಓಡಾಡುತ್ತಾನೆ, ಔನೆ ಏನೂ ಹೇಳುವುದಿಲ್ಲ, ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋಗುತ್ತಾಳೆ. ಎಸಾ, ಢಮ್, ಸೊನ್ನೆ. ಇನ್ನಿಬ್ಬರು. ಒಂದು ಚಮಚ, ಮೇಲೊಂದು ಚಿಟಿಕೆ. ಆ ಚಮಚ — ಚಮಚವನ್ನು ಹೇಗೆ ತುಂಬಿದೆ. ತಟ್ಟಿ ತುಂಬಿದೆ. ಅತಿಥಿಗಳ ಕಾಫಿಪುಡಿಯ ಚಮಚವನ್ನು ಅಮ್ಮ ಡಬ್ಬಿಯಂಚಿಗೆ ಒಮ್ಮೆ ತಟ್ಟುತ್ತಿದ್ದಳಲ್ಲ, ಇನ್ನೊಂದಿಷ್ಟು ಹಿಡಿಯಲಿ ಅಂತ, ಹಾಗೆ, ಡೈರಿಯಲ್ಲಿ ಒಮ್ಮೆಯೂ ತಟ್ಟಿದವಳಲ್ಲ, ನಿನ್ನೆ ಪ್ರತಿ ಚಮಚವನ್ನೂ ತಟ್ಟಿದಳು, ಔನೆಗೆ ಕಡಿಮೆಯಾಗದಿರಲಿ ಎಂದು, ತಟ್ಟಿದರೆ ಮದ್ದು ಕುಳಿತು ಪ್ರತಿ ಸಲವೂ ಕೂದಲೆಳೆಯಷ್ಟು ಹೆಚ್ಚು ಹಿಡಿಯುತ್ತದೆ, ಐವತ್ತಕ್ಕೆಂದು ತೂಗಿದ್ದು ಹಾಗಾದರೆ ನಲವತ್ತೊಂಬತ್ತಕ್ಕೇ ತೀರಬೇಕು. ಒಂದು ಖಾಲಿ ಇದ್ದಿದ್ದರೆ ಬೋಗುಣಿಯಲ್ಲಿ ಏನೂ ಉಳಿಯುತ್ತಲೇ ಇರಲಿಲ್ಲ. ಒಂದು ಅಳತೆ ಉಳಿದಿತ್ತು. ಖಾಲಿ ಒಂದಲ್ಲ, ಎರಡು. ಅಂಚೆಯ ಹೆಂಗಸು, ಢಮ್, ಗೆರೆಯೋ ಸೊನ್ನೆಯೋ, ನೋಡಲಿಲ್ಲ. ಮೇಲಿನ ಸಾಲಿನ ಚೆಂದದ ಮೂರರಲ್ಲಿ ಒಂದು. ಆಹ್ತಿ ಕೋವಿ ಏರಿಸಿದ, ನಿಧಾನಿ ಅವನು, ಎರಡು ಸಲ ಉಸಿರೆಳೆದುಕೊಂಡು ಹೊಡೆಯುವವನು, ಅವನಾಚೆ ಔನೆ ಜೇಬಿನಿಂದ ತೋಟಾ ತೆಗೆದು ನಳಿಗೆಗೆ ಇಳಿಸಿದಳು, ಕೋವಿ ಇನ್ನೂ ಮಡಚಿಯೇ ಇದೆ, ಎಡಗೈ ತನ್ನ ಜಾಗದಲ್ಲಿ ಕೂತಿದೆ, ಬೆರಳು ಮುಂದಕ್ಕೆ ಚಾಚಿಕೊಂಡಿದೆ, ಬಟ್ಟಲು ಸಿಕ್ಕಿಕೊಂಡಿದ್ದರೆ ಸಿಕ್ಕಿಕೊಂಡಿರುವುದು ಆ ಬೆರಳ ಕೆಳಗೇ, ಒಂದು ತೆಳು ಉಕ್ಕಿನಾಚೆ. ಢಮ್, ಆಹ್ತಿ. ಕೊಕ್ಕರೆಗಳು ತಲೆಯೆತ್ತಿದವು. ಕೋವಿ ಮುಚ್ಚಿದ ಸದ್ದು, ಖಟ್. ನಿಲ್ಲು. ನಿಲ್ಲು ಔನೆ, ಹೊಡೀಬೇಡ, ನನ್ನ ತೋಟಾ ಸರಿಯಿಲ್ಲ.

ಅದು ತನ್ನದೇ ದನಿ ಎಂದು ಗೊತ್ತಾಗುವುದಕ್ಕೆ ಎರಡು ಕ್ಷಣ ಬೇಕಾಯಿತು, ಅಂಕದ ಹಾಳೆಯಿದ್ದ ಮೇಜು ಉರುಳಿದೆ, ಫ್ಲಾಸ್ಕು ಹುಲ್ಲಿನ ಮೇಲೆ ಉರುಳುತ್ತಿದೆ, ಔನೆ ಕೇಳಿಸಿಕೊಂಡಳೋ ಇಲ್ಲವೋ, ಅವಳ ಕಿವಿಗೂ ಮುಚ್ಚಳ, ಕೆನ್ನೆ ಮರಕ್ಕೆ ತಾಗುತ್ತಿದೆ, ಆಹ್ತಿ ಕೈ ಚಾಚಿ ನಳಿಗೆಯನ್ನು ನೆಲದ ಕಡೆಗೆ ಒತ್ತಿದ, ಅಷ್ಟು ನಿಧಾನಿ ಮನುಷ್ಯ. ಏನಾಯ್ತೇ, ಔನೆ ಮುಚ್ಚಳ ಸರಿಸಿದಳು. ನಳಿಗೆ ನೋಡು. ಯಾಕೆ. ನೋಡು ಅಂದೆನಲ್ಲ. ಔನೆ ಕೋವಿ ಮಡಚಿ, ತೋಟಾ ತೆಗೆದು, ಎರಡೂ ನಳಿಗೆಯನ್ನು ಆಕಾಶಕ್ಕೆ ಎತ್ತಿ ಹಿಂದಿನಿಂದ ಕಣ್ಣಿಟ್ಟಳು, ಬಹಳ ಹೊತ್ತು ಹಾಗೇ ನಿಂತಳು, ಮಾಸಿದ ಜಾಕೆಟ್ಟು, ಬೆಳ್ಳಿಗೂದಲು, ಎತ್ತಿದ ಎಡಗೈ. ಮೇಲಿನದರಲ್ಲಿ ಆಕಾಶ ಕಾಣ್ತಿದೆ, ಎಂದಳು. ಕೆಳಗಿನದರಲ್ಲಿ ಇಲ್ಲ. ಎಸಾ ಶುಚಿ ಮಾಡುವ ಕೋಲು ತಂದ, ಆಹ್ತಿ ಅದನ್ನು ನಳಿಗೆಯೊಳಕ್ಕೆ ಒತ್ತಿದ, ಒಮ್ಮೆ, ಇನ್ನೊಮ್ಮೆ, ಬಿಳಿಯ ಪುಟ್ಟ ಬಟ್ಟಲು ಕಾಂಕ್ರೀಟಿನ ಮೇಲೆ ಬಿತ್ತು, ಮಸಿಯೂ ಹತ್ತಿಲ್ಲ, ತಳದಲ್ಲಿ ಕಚ್ಚಿಕೊಂಡ ಬಟಾಣಿ. ಆಹ್ತಿ ಅದನ್ನು ಬಗ್ಗಿ ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದ, ಸೂಪಿನ ಮಾತಿಗೆ ಇದಕ್ಕಿಂತ ಒಳ್ಳೆಯ ಸಮಯ ಅವನಿಗೆ ಈ ಜನ್ಮದಲ್ಲಿ ಸಿಗುವುದಿಲ್ಲ, ಅವನು ಆಡಲಿಲ್ಲ. ನಾನು ಪಕ್ಕದ ಚೌಕದಲ್ಲೇ ಇದ್ದೆ, ಎಂದ. ನಂಗೇನೂ ಕೇಳಿಸ್ಲಿಲ್ಲ. ಹಿಲ್ಲೆವಿ ಹೇಳಿದಳು, ನಿಂತಲ್ಲೇ, ಎಲ್ಲವನ್ನೂ, ಬೋಗುಣಿ, ಚಿಟಿಕೆ, ಎರಡನೆಯ ಬಟಾಣಿ, ನಿನ್ನೆ ಒಂದು ಖಾಲಿ ಸಿಕ್ಕಿದ್ದು, ಬೆಳಿಗ್ಗೆ ಹೇಳದೆ ಇದ್ದದ್ದು, ನೀನು ಚೆಂದ ಇದೆ ಅಂದೆಯಲ್ಲ ಅದಕ್ಕೆ ಹೇಳ್ಲಿಲ್ಲ, ಎಂದೂ ಹೇಳಿದಳು, ಪಶುವೈದ್ಯೆ ತನ್ನ ಬೂಟು ನೋಡಿಕೊಂಡಳು, ಎಸಾ ಉರುಳಿದ ಮೇಜನ್ನು ಎತ್ತಿ ನಿಲ್ಲಿಸಿದ, ಹಾಳೆಯನ್ನು ಅದರ ಮೇಲೆ ಇಟ್ಟ. ಔನೆ ಎಡಗೈಯ ಚರ್ಮದ ಕೈಗವಸನ್ನು ಹಲ್ಲಿನಿಂದ ಎಳೆದು ತೆಗೆದಳು. ತೋಟಾ ಕೆಟ್ರೆ ಇನ್ನೊಂದು ಬಿಲ್ಲೆ ಕೊಡ್ಬೇಕು, ನಿಯಮ ಹಾಗಿದೆ, ಎಂದ ಆಹ್ತಿ, ನನ್ನ ಡಬ್ಬಿಯಿಂದ ತಗೊಂಡು ಹೊಡಿ, ಹದಿನಾರಕ್ಕೆ ಹದಿಮೂರು ಹೊಡೆದವಳು ಬಿಡೋದುಂಟಾ. ಬೇಡ, ಎಂದಳು ಔನೆ. ತೋಟಾ ನಮ್ಮನೇದು, ತಪ್ಪೂ ನಮ್ಮನೇದು. ತಂಗಿಯ ಕಡೆಗೆ ನೋಡಲಿಲ್ಲ, ಮೇಜಿನ ಹತ್ತಿರ ಬಂದಳು. ಮುಂದಿನ ಭಾನುವಾರಕ್ಕೆ ಇಪ್ಪತ್ತೈದು ಮಾಡು. ನೀನೇ ಮಾಡ್ಬೇಕು, ಇಷ್ಟು ಜನದ ಮಧ್ಯೆ ಕೇಳಿಸಿದ್ದು ನಿಂಗೊಬ್ಬಳಿಗೇ. ಒಂದೊಂದೇ ಬಟಾಣಿ ಹಾಕು, ಬಾಯಿ ಕುಸಿದ್ರೆ ಕುಸೀಲಿ, ನಾನೇನು ಅದಕ್ಕೆ ಮುತ್ತು ಕೊಡ್ತೀನಾ. ಅಂಚೆಯ ಹೆಂಗಸು ಮೂಗಿನಲ್ಲೇ ನಕ್ಕಳು, ಎಸಾ ನಕ್ಕ, ಹಿಲ್ಲೆವಿಗೆ ನಗು ಬರುತ್ತಿದೆಯೋ ಇನ್ನೇನೋ ಬರುತ್ತಿದೆಯೋ, ನೀನೇ ಮಾಡ್ಬೇಕು ಅಂದಳು, ಎಲ್ಲರೆದುರಿಗೆ ಅಂದಳು, ಪೆನ್ಸಿಲ್ ಎಲ್ಲಿ, ಪೆನ್ಸಿಲ್ ತನ್ನ ಕೈಯಲ್ಲೇ ಇದೆ, ಮುರಿದಿದೆ, ಮೊನೆ ಇನ್ನೂ ಇದೆ. ಸೊನ್ನೆ ಬರಿ, ಎಂದಳು ಔನೆ. ಹದಿನೇಳನೇದು ಸೊನ್ನೆ, ಉಳಿದ ಎಂಟಕ್ಕೂ ಸೊನ್ನೆ, ಯಾರೂ ಅಳಿಸಬಾರ್ದು ಹಾಗೆ ಬರಿ. ಎಡಗೈ ಹಾಳೆಯ ಮೇಲೆ ಬಂತು. ಉಳಿದ ಬೆರಳುಗಳು ಮಡಚಿಕೊಂಡಿದ್ದವು, ತೋರುಬೆರಳು ನೆಟ್ಟಗೆ ಚಾಚಿ ಹದಿನೇಳನೆಯ ಮನೆಯ ಮೇಲೆ ಕೂತಿತು. ಬರಿ ಅಂದೆ. ಬರೆಯಬೇಕು, ಬೆರಳು ತುಸು ಪಕ್ಕಕ್ಕೆ ಸರಿದರೆ ಬರೆಯಬಹುದು, ಉಗುರಿನಂಚಿನಲ್ಲಿ ಎಣ್ಣೆಯ ಮಸಿ, ಗಂಟಿನ ಮೇಲೆ ಹಳೆಯ ಗಾಯದ ಬಿಳಿ ಗುರುತು, ಚರ್ಮದ ಕೆಳಗೆ ನೀಲಿ ನರ ಮಿಡಿಯುತ್ತಿದೆ, ಬರೆಯಬೇಕು, ಆ ಬೆರಳು, ಇಡಿಯಾಗಿ, ನೆಟ್ಟಗೆ, ಬೆಚ್ಚಗೆ, ಹಾಳೆಯ ಮೇಲೆ, ಬೆರಳು